ಕಾಶೀಬಾಯಿಯ ಡಬ್ಬಿ ಮತ್ತು ಹತ್ತನೆಯ ವರ್ಗ

ದೀಪಾವಳಿ ಹತ್ತಿರ ಬಂತೆಂದರೆ ನಮ್ಮ ಸೊಸೆಗೆ ಸ್ವಚ್ಛತೆಯ ಹುಚ್ಚು ಹಿಡಿಯುತ್ತದೆ. ಮಾಳಿಗೆಯ ಮೇಲಿನದು ಕೆಳಗೆ ಬರುತ್ತದೆ, ಕೆಳಗಿನದು ಅಂಗಳಕ್ಕೆ ಹೋಗುತ್ತದೆ, ಅಂಗಳಕ್ಕೆ ಹೋದದ್ದು ಗುಜರಿಯವನ ಗಾಡಿ ಸೇರುತ್ತದೆ. ಅದಕ್ಕಾಗಿ ಆ ನಾಲ್ಕು ದಿನ ನಾನು ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕಾವಲು ಕೂಡುತ್ತೇನೆ. ಮುಖ್ಯಾಧ್ಯಾಪಕಿಯಾಗಿ ನಿವೃತ್ತಳಾದವಳಿಗೆ ಕುರ್ಚಿಯಲ್ಲಿ ಕೂತು ಇನ್ನೊಬ್ಬರು ಮಾಡುವ ಕೆಲಸ ನೋಡುವ ರೂಢಿ ಚೆನ್ನಾಗಿಯೇ ಇರುತ್ತದೆ.

ಈ ವರ್ಷ ಅವಳ ಕೈಗೆ ಸಿಕ್ಕಿದ್ದು ಒಂದು ಸ್ಟೀಲಿನ ಡಬ್ಬಿ. ಅಂಗೈಗಿಂತ ಸ್ವಲ್ಪ ದೊಡ್ಡದು, ಮುಚ್ಚಳ ಬಿಗಿ, ಒಂದು ಬದಿ ಸಣ್ಣಗೆ ನೆಗ್ಗಿದೆ.

“ಅತ್ತಿಯವ್ರ, ಈ ಡಬ್ಬಿ ನಮ್ದಲ್ಲ. ತಳದಾಗ ಯಾರದೋ ಹೆಸರ ಅದ. ವಾಪಸ್ ಕೊಡೂದು ಮರ್ತೀರೇನು?”

ಹೆಸರು ಇದೆ ಎಂಬುದು ಅವಳಿಗೆ ಗೊತ್ತಾಯಿತು, ಏನೆಂದು ಗೊತ್ತಾಗಲಿಲ್ಲ. ಮನೆಮಾತು ಕನ್ನಡವೇ, ಗಂಡನ ಜೊತೆ ಜಗಳ ಆಡುವುದೂ ಕನ್ನಡದಲ್ಲೇ; ಆದರೆ ಸೊಲ್ಲಾಪುರದ ಮರಾಠಿ ಶಾಲೆಯಲ್ಲಿ ಕಲಿತ ಹುಡುಗಿ, ಕನ್ನಡ ಅಕ್ಷರ ಓದಲು ಬರುವುದಿಲ್ಲ. ನಾನು ಡಬ್ಬಿ ಇಸಿದುಕೊಂಡು ಕನ್ನಡಕವಿಲ್ಲದೆಯೇ ಓದಿದೆ. ಓದುವುದೇನು ಬಂತು, ಬಾಯಿಪಾಠವೇ ಇತ್ತು. “ಕಾಶೀಬಾಯಿ.”

“ಯಾರ್ರಿ ಈ ಕಾಶೀಬಾಯಿ?”

“ಕೂಡು, ಹೇಳ್ತೀನಿ,” ಎಂದೆ. ಅವಳು ಕೂಡಲಿಲ್ಲ. ಅವಳಿಗೆ ಫ್ಯಾನು ಒರೆಸುವುದಿತ್ತು. ಆದ್ದರಿಂದ ನಿಮಗೆ ಹೇಳುತ್ತಿದ್ದೇನೆ.

ಅದಕ್ಕೂ ಮೊದಲು ನನ್ನದೊಂದು ಕೆಟ್ಟ ಚಟದ ವಿಷಯ ಹೇಳಬೇಕು. ಯಾರ ಮನೆಗೆ ಹೋದರೂ ನನಗೆ ಅವರ ಪಾತ್ರೆ ತಿರುವಿ ಹೆಸರು ಓದದಿದ್ದರೆ ಸಮಾಧಾನವಿಲ್ಲ. ಒಮ್ಮೆ ಬೀಗರ ಮನೆಯಲ್ಲಿ ಮಜ್ಜಿಗೆ ಕುಡಿಯುವ ಮೊದಲೇ ಲೋಟ ತಿರುವಿ, ಹೊಸ ಇಳಕಲ್ ಸೀರೆಯ ಮೇಲೆ ಮಜ್ಜಿಗೆಯ ಅಭಿಷೇಕ ಮಾಡಿಕೊಂಡಿದ್ದೇನೆ. ಹೆಸರನ್ನಂತೂ ಓದಿಯೇ ಬಿಟ್ಟೆ. ಅದು ಬೀಗತಿಯ ಹಿರಿಯ ನಾದಿನಿಯ ಹೆಸರಾಗಿತ್ತು, ಇಬ್ಬರಿಗೂ ಮಾತುಕತೆಯಿಲ್ಲ, ಅದನ್ನು ಗಟ್ಟಿಯಾಗಿ ಓದಬಾರದಿತ್ತು ಎಂದು ಆಮೇಲೆ ತಿಳಿಯಿತು.

ಈ ಚಟ ಬಂದದ್ದು ಅಂಗಡಿಯಿಂದ. ನಮ್ಮಪ್ಪನದು ಸೊಲ್ಲಾಪುರದ ಪೇಟೆಯಲ್ಲಿ ಭಾಂಡೆ ಅಂಗಡಿ. ಪಾತ್ರೆಗಳಿಗೆ ನಮ್ಮ ಕಡೆ ಭಾಂಡೆ ಎನ್ನುತ್ತೇವೆ. ಅಂಗಡಿಯ ಕಟ್ಟೆಯ ಮೇಲೆ ಹೆಸರು ಹಾಕುವ ಮಲ್ಲಪ್ಪ ಕೂಡುತ್ತಿದ್ದ. ಒಂದು ಸಣ್ಣ ಉಳಿ, ಒಂದು ಸಣ್ಣ ಸುತ್ತಿಗೆ, ದಿನವಿಡೀ ಟಕಟಕ. ಮದುವೆಯ ಕಾಲದಲ್ಲಿ ಅಕ್ಕಲಕೋಟೆ ಕಡೆಯ ಹಳ್ಳಿಗಳಿಂದ ಇಡೀ ಮನೆತನವೇ ಎಸ್.ಟಿ. ಬಸ್ಸಿನಲ್ಲಿ ಬಂದಿಳಿಯುತ್ತಿತ್ತು. ಕೊಡಪಾನ, ಪರಾತ, ತಂಬಿಗೆ, ತಾಟುಗಳನ್ನು ಗುಡ್ಡೆ ಹಾಕಿ, ಅವುಗಳ ಸುತ್ತ ಹೆಂಗಸರು ಕೂತು, ಬುತ್ತಿ ಬಿಚ್ಚಿ ನಮ್ಮ ಅಂಗಡಿಯನ್ನೇ ಮದುವೆಮನೆ ಮಾಡುತ್ತಿದ್ದರು. ಮಲ್ಲಪ್ಪನ ಮೊದಲ ಪ್ರಶ್ನೆ, ಹೆಸರು ಕನ್ನಡದಲ್ಲೋ ಮರಾಠಿಯಲ್ಲೋ. ಅಂಗಡಿಗಳ ಬೋರ್ಡು, ಬಸ್ಸಿನ ಫಲಕ, ಕಚೇರಿಯ ಕಾಗದ ಎಲ್ಲ ಮರಾಠಿಯಾದ ಊರುಗಳವರು ಅವರು. ಆದರೂ ಭಾಂಡೆಯ ವಿಷಯ ಬಂದಾಗ ಯಾವಳೋ ಒಬ್ಬ ಮುದುಕಿ ಎಲೆ-ಅಡಿಕೆ ಬಾಯಲ್ಲಿಟ್ಟುಕೊಂಡೇ “ಕನ್ನಡದಾಗ ಹಾಕಪಾ, ನಮ್ಮ ಮನಿ ಒಳಗ ಇರೂದದು” ಎನ್ನುತ್ತಿದ್ದಳು.

ಹೆಸರು ಹಾಕುವುದಕ್ಕೂ ಒಂದು ಕ್ರಮವಿತ್ತು. ಕೊಡುವವರ ಹೆಸರು ಮೇಲೆ, ಮಗಳ ಹೆಸರು ಕೆಳಗೆ. ಮೇಲಿನ ಹೆಸರೊಂದೇ ಇದ್ದರೆ ಅದು ಇನ್ನೂ ತವರಿನ ಪಾತ್ರೆ. ಕೆಳಗಿನ ಹೆಸರು ಬಿತ್ತೆಂದರೆ ಅದು ಮಗಳದಾಯಿತು, ಇನ್ನು ತವರಿನವರು ಅದನ್ನು ಹಿಂದಕ್ಕೆ ಕೇಳುವಂತಿಲ್ಲ. ಶಾಲೆ ಬಿಟ್ಟ ಮೇಲೆ ನಾನು ಅಂಗಡಿಗೆ ಹೋಗಿ ಸೀಮೆಸುಣ್ಣದಿಂದ ಹೆಸರು ಬರೆದು ಕೊಡುತ್ತಿದ್ದೆ, ಮಲ್ಲಪ್ಪ ಅದರ ಮೇಲೆ ಉಳಿ ಆಡಿಸುತ್ತಿದ್ದ. ನನ್ನ ಅಕ್ಷರ ಇಂದಿಗೂ ಎಷ್ಟೋ ಅಡುಗೆಮನೆಗಳಲ್ಲಿ ಹುಣಸೆಹಣ್ಣು ಹಚ್ಚಿ ತಿಕ್ಕಿಸಿಕೊಳ್ಳುತ್ತಿದೆ. ಅದರ ಹೆಮ್ಮೆ ನನಗೆ ಇದ್ದೇ ಇದೆ, ಬಿಡಿ.

ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಾಗಿನ ಕಥೆಯೂ ಪಾತ್ರೆಯದೇ. ಭಾಂಡೆ ಅಂಗಡಿಯವರ ಮನೆ ಎಂದರೆ ಅಡುಗೆಮನೆ ಥಳಥಳ ಎಂದುಕೊಂಡೀರಿ. ಅಂಗಡಿಯಲ್ಲಿ ಯಾರೂ ಕೊಳ್ಳದ, ನೆಗ್ಗಿದ, ಕಿವಿ ಮುರಿದ ಸಾಮಾನೆಲ್ಲ ಬಂದು ಬೀಳುವುದು ನಮ್ಮ ಮನೆಗೇ. ಆ ದಿನ ಅವ್ವ ಗಾಬರಿಯಿಂದ ನೆರೆಮನೆಗೆ ಓಡಿ ಹೊಸ ತಾಟು, ಕಪ್ಪು-ಬಶಿ ತಂದಳು. ಅವಲಕ್ಕಿ ತಿಂದು ಮುಗಿಸಿದ ನಮ್ಮ ಮಾವನವರು, ಅಂದರೆ ಮುಂದೆ ಮಾವನವರಾದವರು, ಸುಮ್ಮನೆ ತಾಟು ತಿರುವಿದರು. ತಳದಲ್ಲಿ ನೆರೆಮನೆಯವರ ಹೆಸರು.

“ಭಾಂಡೆ ಅಂಗಡಿಯವ್ರ ಮನ್ಯಾಗ ಮಂದಿ ತಾಟು?” ಎಂದರು.

ಬಾಗಿಲ ಹಿಂದೆ ನಿಂತ ಅವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅಪ್ಪ ಮಾತ್ರ ಸುಳ್ಳು ಹೇಳಲು ಹೋಗಲಿಲ್ಲ. “ಹೌದ್ರಿ. ನೆರಿಮನ್ಯಾರದು. ಕೇಳಿದ ಕೂಡ್ಲೆ ಕೊಟ್ರು.”

“ಕೇಳಿದ ಕೂಡ್ಲೆ ಕೊಟ್ರೇನು? ಹಂಗಾರ ನೀವು ಛಲೋ ಮಂದೀನ ಇರಬೇಕು,” ಎಂದು ಮಾವನವರು ನಕ್ಕರು. ಅಷ್ಟಕ್ಕೆ ನನ್ನ ಮದುವೆ ನಿಶ್ಚಯವಾಯಿತು. ನನ್ನ ಮುಖವನ್ನು ಅವರು ಸರಿಯಾಗಿ ನೋಡಿದ್ದರೋ ಇಲ್ಲವೋ ಎಂಬ ಅನುಮಾನ ನನಗೆ ಈಗಲೂ ಇದೆ.

ಈಗ ಕಾಶೀಬಾಯಿ. ನಿವೃತ್ತಿಯಾದ ಮೇಲೆ ಒಂದು ದಿನ ನನಗೆ ಕರೆ ಬಂತು. ನಾಗಣಸೂರದಿಂದಾಚೆ, ದುಧನಿಯ ಕಡೆಗೆ, ಒಂದು ಹಳ್ಳಿ. ಹೆಸರು ಬೇಡ. ಅಲ್ಲಿ ಊರವರೇ ಸೇರಿ ಕನ್ನಡ ಮಾಧ್ಯಮದ ಹೈಸ್ಕೂಲು ತೆರೆದಿದ್ದರು. ಎಂಟು, ಒಂಬತ್ತನೆಯ ವರ್ಗಗಳು ನಡೆದಿದ್ದವು. ಹತ್ತನೆಯ ವರ್ಗ ಬೇಕೆಂದರೆ ಸರಕಾರದ ಮಾನ್ಯತೆ ಬೇಕು, ಮಾನ್ಯತೆ ಬೇಕೆಂದರೆ ತಪಾಸಣೆ ಆಗಬೇಕು. ತಂಡದಲ್ಲಿ ಕನ್ನಡ ಬಲ್ಲವರು ಒಬ್ಬರಿರಬೇಕೆಂದು ನನ್ನನ್ನು ಹಿಡಿದರು. ಮೂರನೆಯ ಸದಸ್ಯರಿಗೆ ಜ್ವರ ಬಂದದ್ದರಿಂದ ತಂಡವೆಂದರೆ ನಾನು ಮತ್ತು ಅದರ ಅಧ್ಯಕ್ಷರಾದ ಜಾಧವ ಸಾಹೇಬರು, ಇಬ್ಬರೇ ಆದೆವು. ಸಾಹೇಬರು ಬೇರೆ ಜಿಲ್ಲೆಯವರು, ಒಳ್ಳೆಯ ಮನುಷ್ಯ. ಕನ್ನಡದ ಒಂದಕ್ಷರವೂ ಗೊತ್ತಿಲ್ಲ.

ತಪಾಸಣೆಯ ಕೊನೆಗೆ ನಾವು ಎರಡು ಸಂಗತಿ ಬರೆಯಬೇಕು: ಶಾಲೆಯ ಬಲಗಳು ಯಾವುವು, ಸುಧಾರಣೆ ಆಗಬೇಕಾದವು ಯಾವುವು. ನಾನು ಮುಖ್ಯಾಧ್ಯಾಪಕಿಯಾಗಿದ್ದಾಗ ನಮ್ಮ ಶಾಲೆಯ ಬಗ್ಗೆ ನಾವೇ ಇದನ್ನು ಬರೆದು ಕೊಡಬೇಕಾಗುತ್ತಿತ್ತು. ಬಲಗಳಿಗೆ ಕೊಟ್ಟ ಜಾಗ ಸಾಲುತ್ತಲೇ ಇರಲಿಲ್ಲ. ಸುಧಾರಣೆಯ ಕಡೆ ಬಂದಾಗ ಎಲ್ಲರೂ ಕೂತು ಬಹಳ ಯೋಚನೆ ಮಾಡಿ, ‘ಆವಾರದಲ್ಲಿ ಇನ್ನೂ ಗಿಡ ನೆಡಬೇಕು’ ಎಂದು ಬರೆಯುತ್ತಿದ್ದೆವು. ಛಾವಣಿ ಸೋರುವುದನ್ನು ಬರೆದರೆ ನಮ್ಮ ಮರ್ಯಾದೆಯ ಪ್ರಶ್ನೆ. ಹೀಗಾಗಿ ನಮ್ಮ ಆವಾರದಲ್ಲಿ ಗಿಡ ಬೆಳೆದು ಕಾಡಾಯಿತು, ಛಾವಣಿ ನಾನು ನಿವೃತ್ತಳಾಗುವ ತನಕ ಸೋರುತ್ತಿತ್ತು.

ಆ ಹಳ್ಳಿಯಲ್ಲಿ ನಮ್ಮ ಜೀಪು ನಿಲ್ಲುತ್ತಲೇ ಹುಡುಗಿಯರು ಲೇಜಿಮ್ ಆಡುತ್ತ ಎದುರುಗೊಂಡರು. ಸಾಹೇಬರಿಗೆ ಟಾವೆಲ್ಲು, ಟೋಪಿ, ಕಾಯಿ. ನನಗೆ ಕುಪ್ಪಸದ ಖಣ, ಕಾಯಿ. ಊರಿಗೆ ಊರೇ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ನಿಂತಿತ್ತು. ಮುಖ್ಯಾಧ್ಯಾಪಕ ಬಿರಾದಾರ ಸರ್ ಇನ್ನೂ ಹರೆಯದವರು. ಕೈ ಮುಗಿದವರು ಕೈ ಬಿಡಿಸುವುದನ್ನೇ ಮರೆತಿದ್ದರು.

ಅವರ ಕೋಣೆಯಲ್ಲಿ ಕೂತೆವು. ಗೋಡೆಯ ಮೇಲೆ ದೊಡ್ಡ ಗಡಿಯಾರ. ಅದರ ನಡುವೆ ಬಾಸಿಂಗ ಕಟ್ಟಿಕೊಂಡ ಗಂಡು-ಹೆಣ್ಣಿನ ಫೋಟೋ, ಮದುವೆಯಲ್ಲಿ ಉಡುಗೊರೆ ಕೊಡುತ್ತಾರಲ್ಲ ಅಂಥದು. ಸಾಹೇಬರು ಅದನ್ನೇ ನೋಡಿ ಮರಾಠಿಯಲ್ಲಿ ಕೇಳಿದರು, “ಇವರು ಸಂಸ್ಥಾಪಕರೇ?”

ಬಿರಾದಾರ ಸರ್ ಒಂದು ಕ್ಷಣ ಗಡಿಯಾರ ನೋಡಿದರು, ಒಂದು ಕ್ಷಣ ನನ್ನನ್ನು ನೋಡಿದರು. “ಹೋಯ್ ಸಾಹೇಬ್,” ಎಂದು ಮರಾಠಿಯಲ್ಲೇ ಹೌದೆಂದರು.

ಅಷ್ಟರಲ್ಲಿ ಸಂಸ್ಥಾಪಕರು ಚಹಾದ ಟ್ರೇ ಹಿಡಿದು ಒಳಗೆ ಬಂದರು. ಬಾಸಿಂಗ ಇರಲಿಲ್ಲ, ಮೀಸೆ ಮಾತ್ರ ಅದೇ. ಸಾಹೇಬರು ಚಹಾ ತೆಗೆದುಕೊಂಡರು. ನಾನು ಕೆಮ್ಮು ಬಂದವಳಂತೆ ಸೆರಗು ಬಾಯಿಗೆ ಹಿಡಿದುಕೊಂಡೆ.

ನಂತರ ಪ್ರಯೋಗಶಾಲೆ. ಕಪಾಟಿನ ತುಂಬ ಸಾಮಾನು, ಒರೆಸಿ ಸಾಲಾಗಿ ಇಟ್ಟಿದ್ದರು. ಅಕ್ಕಸಾಲಿಗರ ಸಣ್ಣ ತಕ್ಕಡಿ, ಡಾಕ್ಟರರ ಜ್ವರ ನೋಡುವ ಕಡ್ಡಿ, ಹಾಲಿನ ಡೇರಿಯವರ ಅಳತೆಯ ಗಾಜು, ಯಾರದೋ ಒಡೆದ ರೇಡಿಯೋದೊಳಗಿನ ಅಯಸ್ಕಾಂತ. ‘ಆಮ್ಲ’ ಎಂದು ಮರಾಠಿಯಲ್ಲಿ ಚೀಟಿ ಅಂಟಿಸಿದ ಒಂದು ಭರಣಿಯ ಮುಚ್ಚಳವನ್ನು ಸಾಹೇಬರು ಹುಷಾರಾಗಿ ತೆಗೆದು ಮೂಸಿದರು. ಲಿಂಬೆಕಾಯಿಯ ಉಪ್ಪಿನಕಾಯಿಯ ಘಮ ಕೋಣೆಯೆಲ್ಲ ತುಂಬಿತು. “ಲಿಂಬೂನೂ ಆಮ್ಲನ ಅಲ್ಲೇನ್ರಿ,” ಎಂದು ಬಿರಾದಾರ ಸರ್ ಸಣ್ಣ ದನಿಯಲ್ಲಿ ನನಗೆ ಹೇಳಿದರು. ಗ್ರಂಥಾಲಯದಲ್ಲಿ ಕಳೆದ ಎಷ್ಟೋ ವರ್ಷಗಳ ಪಂಚಾಂಗಗಳು, ಪುರಾಣಗಳು, ಕೆಂಪು ಬಟ್ಟೆಯಲ್ಲಿ ಸುತ್ತಿದ ಪೋಥಿಗಳು ಇದ್ದವು. ಒಂದರೊಳಗೆ ಒಣಗಿದ ಬಿಲ್ವಪತ್ರೆ ಇತ್ತು. ಸಾಹೇಬರು ಒಂದೊಂದಕ್ಕೂ ತಲೆಯಾಡಿಸಿ ‘ಇದೆ’, ‘ಇದೆ’ ಎಂದು ಗುರುತು ಹಾಕುತ್ತ ಹೋದರು.

ಹೊರಗೆ ಪಡಸಾಲೆಯಲ್ಲಿ ಒಂಬತ್ತನೆಯ ವರ್ಗದ ಹುಡುಗಿಯೊಬ್ಬಳು ನನಗೆ ನೀರು ಕೊಟ್ಟಳು. ಹಿತ್ತಾಳೆಯ ತಂಬಿಗೆ. ಕುಡಿದ ಮೇಲೆ ನನ್ನ ಕೈ ತಾನಾಗಿಯೇ ಅದನ್ನು ತಿರುವಿತು. ‘ಕಾಶೀಬಾಯಿ’. ಪಕ್ಕದ ಕೊಡಪಾನಕ್ಕೆ ಇನ್ನೊಬ್ಬರ ಹೆಸರು. ತಾಟುಗಳಿಗೆ ಮತ್ತೆ ಕಾಶೀಬಾಯಿ. ತಕ್ಕಡಿಯ ತಟ್ಟೆಯ ಹಿಂದೆ, ಅಳತೆಯ ಸೇರಿನ ಕಂಠಕ್ಕೆ, ಎಲ್ಲಿ ನೋಡಿದರೂ ಮನೆಮನೆಯ ಹೆಸರು, ಅದೂ ಕನ್ನಡದಲ್ಲಿ. ಶಾಲೆಯ ಹೆಸರು ಮಾತ್ರ ಎಲ್ಲಿಯೂ ಇಲ್ಲ. ಸಾಹೇಬರ ಕಣ್ಣಿಗೆ ಅದೆಲ್ಲ ಬರಿಯ ಗೀರು. ಆ ಇಡೀ ಆವಾರದಲ್ಲಿ ಹೊರಗಿನಿಂದ ಬಂದು ಅದನ್ನು ಓದಬಲ್ಲವಳು ನಾನೊಬ್ಬಳೇ.

ಆ ಹುಡುಗಿಯ ಹೆಸರು ಭಾಗ್ಯಶ್ರೀ. “ಮುಂದ ಏನ್ ಕಲೀತಿ?” ಎಂದು ಕೇಳಿದೆ. ಬಂದವರು ಕೇಳುವ ಪ್ರಶ್ನೆ, ಅಷ್ಟೇ.

“ಅದು ನಿಮ್ಮ ಕೈಯಾಗ ಅದ ಅಲ್ರೀ ಬಾಯಾರ,” ಎಂದಳು. ದೂರಿನ ದನಿಯಲ್ಲ, ಇದ್ದದ್ದನ್ನು ಹೇಳುವಂತೆ. “ದುಧನಿಗೆ ಹೋದ್ರ ತಿರುಗಿ ಬರೂ ಬಸ್ಸು ಕತ್ತಲಾದ ಮ್ಯಾಲ. ಅಪ್ಪ ಕಳಸೂದಿಲ್ಲ. ನಮ್ಮಕ್ಕನೂ ಒಂಬತ್ತಕ್ಕ ಬಿಟ್ಟಾಳ. ಇಲ್ಲೇ ಹತ್ತನೇತ್ತಾ ಆದ್ರ ಕಲೀತೀನ್ರಿ.”

ಅವಳ ಹಿಂದೆ ಲೇಜಿಮ್ ಹಿಡಿದುಕೊಂಡು ನಿಂತಿದ್ದ ಹುಡುಗಿಯರೆಲ್ಲ ನನ್ನನ್ನೇ ನೋಡುತ್ತಿದ್ದರು. ನಾನು ತಂಬಿಗೆಯನ್ನು ಕೊಡಪಾನದ ಪಕ್ಕ ಇಟ್ಟೆ.

ಬಿರಾದಾರ ಸರ್ ಅವರನ್ನು ಬೇವಿನ ಗಿಡದ ಕೆಳಗೆ ಕರೆದೆ. “ಸರ್, ಈ ಸಾಮಾನು ಒಂದೂ ಸಾಲೀದಲ್ಲ.”

ಅವರು ಸುಳ್ಳು ಹೇಳಲಿಲ್ಲ. ನೆಲ ನೋಡಿದರು. “ಹೆಣ್ಣ ನೋಡಾಕ ಬರ್ತಾರಂದ್ರ ನೆರಿಮನಿ ಕಪ್ಪು-ಬಶಿ ತರೂದಿಲ್ಲೇನ್ರಿ ಬಾಯಾರ? ನಾವೂ ಅಷ್ಟ ಮಾಡೇವಿ. ಕಪ್ಪು-ಬಶಿ ಮಂದೀದು. ಹೆಣ್ಣ ಮಾತ್ರ ನಮ್ದು, ಖರೇ ಹೇಳ್ತೀನಿ.”

ನನ್ನ ಮಾವನವರ ನೆನಪಾಗಿ ನಗು ಬಂತು, ನಗಲಿಲ್ಲ. “ಪ್ರಯೋಗಶಾಲಾ ಅದ ಅಂತ ನಾನು ಸಹಿ ಮಾಡಿದ್ರ ನಾಳೆ ಯಾರ ಮುಂದ ಹೋಗಿ ಪ್ರಯೋಗಶಾಲಾ ಕೇಳ್ತೀರಿ?”

“ಇಲ್ಲ ಅಂತ ಬರದ್ರ ವರ್ಗಾನ ಕೊಡೂದಿಲ್ಲಲ್ರೀ,” ಎಂದರು. ಅವರ ಕಣ್ಣು ತುಂಬಿತ್ತು.

ಅವರು ಹೇಳಿದ್ದೂ ನಿಜ, ನಾನು ಹೇಳಿದ್ದೂ ನಿಜ. ಇಷ್ಟು ವರ್ಷ ಮಕ್ಕಳಿಗೆ ಸತ್ಯವನ್ನೇ ಹೇಳಿ ಎಂದು ಪಾಠ ಹೇಳಿದವಳಿಗೆ ಬೇವಿನ ಗಿಡದ ಕೆಳಗೆ ಭಯವಾಯಿತು.

ಕೊನೆಯ ಸಭೆ ಆವಾರದಲ್ಲಿ. ಜಮಖಾನೆಗಳ ಮೇಲೆ ಒಂದು ಕಡೆ ಗಂಡಸರು, ಒಂದು ಕಡೆ ಹೆಂಗಸರು, ಮುಂದೆ ಮಕ್ಕಳು. ಜಾಧವ ಸಾಹೇಬರು ಬಲಗಳನ್ನು ಓದಿದರು. ಸುಸಜ್ಜಿತ ಪ್ರಯೋಗಶಾಲೆ, ಸಮೃದ್ಧ ಗ್ರಂಥಾಲಯ, ಪ್ರತಿ ಕೋಣೆಗೂ ಗಡಿಯಾರ. ಊರಿನ ಮುಖ ಅರಳುತ್ತ ಹೋಯಿತು. ನಂತರ ಅವರು ನನ್ನ ಕಡೆ ತಿರುಗಿ, “ಸುಧಾರಣೆ ಆಗಬೇಕಾದದ್ದು ಏನಾದರೂ ಇದೆಯೇ, ಬಾಯಿ?” ಎಂದರು.

ನಾನು ಎದ್ದು ನಿಂತೆ. ಗಿಡ ನೆಡುವ ವಾಕ್ಯ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿ ಕನ್ನಡದಲ್ಲಿ ಹೇಳಿದೆ, “ನಾನು ಸೊಲ್ಲಾಪುರದ ಭಾಂಡೆ ಅಂಗಡಿಯವ್ರ ಮಗಳು. ಕೈಯಾಗ ಭಾಂಡೆ ಬಂದ್ರ ಹೆಸರ ಓದ್ದ ಬಿಡೂದಿಲ್ಲ. ನಾನು ನೀರು ಕುಡದ ತಂಬಿಗಿ ಕಾಶೀಬಾಯಿಯವ್ರದು. ಅವ್ರು ಇಲ್ಲಿ ಬಂದಾರೇನು?”

ಬಿರಾದಾರ ಸರ್ ಕಣ್ಣು ಮುಚ್ಚಿಕೊಂಡರು. ಹೆಂಗಸರ ನಡುವಿನಿಂದ ಒಬ್ಬ ಮುದುಕಿ ಮೊಣಕಾಲ ಮೇಲೆ ಕೈಯೂರಿ ಎದ್ದಳು. ದೊಡ್ಡ ಒಕ್ಕಲುತನದ ಮನೆಯ ಹಿರಿಯಳು, ಭಾಗ್ಯಶ್ರೀಯ ಅಜ್ಜಿ ಎಂದು ಆಮೇಲೆ ತಿಳಿಯಿತು.

“ನಾನ ಕಾಶೀಬಾಯಿ. ಯಾಕ್ರಿ, ನೀರು ಛಲೋ ಇರ್ಲಿಲ್ಲೇನು?”

“ನೀರು ಛಲೋ ಇತ್ರಿ. ತಂಬಿಗಿ ಸಾಲೀದಲ್ಲ ಅಂತ ಕೇಳ್ದೆ.”

“ತಂಬಿಗಿ ನಂದು. ತಾಟೂ ನನ್ನವ. ಆ ಲಿಂಬಿಕಾಯಿ ಭರಣೀನೂ ನಂದ. ಸಾಲಿ ಮತ್ಯಾರದ್ರಿ? ನಮ್ದ ಅಲ್ಲ? ನಮ್ಮ ಸಾಮಾನ ನಮ್ಮ ಸಾಲ್ಯಾಗ ಇಟ್ರ ಅದು ಎರವಲ ಹೆಂಗಾತು?”

ಅವಳು ಹಾಗೆ ಅಂದದ್ದೇ ತಡ, ಗಂಡಸರ ಕಡೆಯಿಂದ ಕಿರಾಣಿ ಅಂಗಡಿಯವರು ಎದ್ದು, “ಸೇರು ನಂದ್ರಿ,” ಎಂದರು. “ಪುರಾಣ ನಮ್ಮನೀದು,” ಎಂದರು ಇನ್ನೊಬ್ಬರು. “ಫ್ಯಾನು ನಮ್ದು, ಗಾಳಿ ಛಲೋ ಬಂತಲ್ರೀ?” ಎಂದು ಮತ್ತೊಬ್ಬರು ವಿಚಾರಿಸಿದರು. ಗುಟ್ಟನ್ನು ಒಳಗಿಟ್ಟುಕೊಂಡು ಕೂತಿದ್ದವರಿಗೆಲ್ಲ ಈಗ ಹೇಳಿಕೊಳ್ಳುವ ಹುರುಪು ಬಂದುಬಿಟ್ಟಿತು. ನಾಚಿಕೆ ಯಾರ ಮುಖದಲ್ಲೂ ಇರಲಿಲ್ಲ. ಕೊನೆಗೆ ಹಿಂದಿನಿಂದ ಮೀಸೆಯ ಸಂಸ್ಥಾಪಕರು ಎದ್ದು, “ಸಾಹೇಬ, ಆ ಗಡಿಯಾರ ನಂದ್ರಿ. ಫೋಟೋದಾಗ ಇರಾವ ನಾನ. ಸಂಸ್ಥಾಪಕ ಅಲ್ಲ,” ಎಂದು ಕನ್ನಡ ಬೆರೆತ ಮರಾಠಿಯಲ್ಲೇ ಒಪ್ಪಿಸಿದರು.

ಜಾಧವ ಸಾಹೇಬರು ನನ್ನ ಕಡೆ ನೋಡಿದರು. ನಾನು ಒಂದೂ ಬಿಡದೆ ಎಲ್ಲವನ್ನೂ ಮರಾಠಿಯಲ್ಲಿ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಬಹಳ ಹೊತ್ತು ಒರೆಸಿಕೊಂಡರು.

“ಸಂಸ್ಥಾಪಕರು ಚಹಾ ತಂದಾಗಲೇ ನನಗೆ ಅನುಮಾನ ಬಂದಿತ್ತು,” ಎಂದು ನಕ್ಕುಬಿಟ್ಟರು. ಅವರು ನಕ್ಕ ಮೇಲೆ ಊರು ನಕ್ಕಿತು, ಬಿರಾದಾರ ಸರ್ ಕಣ್ಣು ಬಿಟ್ಟರು. ಆಮೇಲೆ ಸಾಹೇಬರು ಗಂಭೀರವಾಗಿ ಹೇಳಿದರು: “ಸಾಮಾನು ತುಂಬಿದ ಶಾಲೆಗಳನ್ನು ಬಹಳ ನೋಡಿದ್ದೇನೆ. ಬೀಗ ಹಾಕಿರುತ್ತಾರೆ, ಒಳಗೆ ಏನಿದೆ ಎಂದು ಊರವರಿಗೆ ಗೊತ್ತೇ ಇರುವುದಿಲ್ಲ. ಇಲ್ಲಿ ಮಕ್ಕಳಿಗೆ ಓದಲು ಬರುತ್ತದೆ, ಲೆಕ್ಕ ಬರುತ್ತದೆ, ಬಾಯಿಯವರು ಓದಿಸಿ, ನಾನು ಲೆಕ್ಕ ಮಾಡಿಸಿ ಪರೀಕ್ಷೆ ಮಾಡಿದ್ದೇವೆ. ಉಳಿದದ್ದನ್ನು ಇದ್ದ ಹಾಗೆಯೇ ಬರೆಯೋಣ.”

ಬರೆದದ್ದನ್ನು ಹೊಡೆದು ಹಾಕಿ ಹೊಸ ಹಾಳೆ ತೆಗೆದುಕೊಂಡರು. ಬಲಗಳ ಕಡೆ ಮಕ್ಕಳ ಕಲಿಕೆ ಎಂದು ಬರೆದು, ಅದರ ಕೆಳಗೆ ಊರಿನ ಸಹಭಾಗ ಎಂದು ಬರೆದರು. ಸುಧಾರಣೆಯ ಕಡೆ ಪುಟ ತುಂಬಿತು. ನಾನು ಒಂದೊಂದನ್ನೂ ಕನ್ನಡದಲ್ಲಿ ಓದಿ ಹೇಳುವಾಗ ಕಾಶೀಬಾಯಿಗೆ ಸಿಟ್ಟು ಬಂತು. “ಇಷ್ಟೆಲ್ಲ ಇಲ್ಲೇನು ನಮ್ಮ ಸಾಲ್ಯಾಗ?” ಎಂದು ನನ್ನನ್ನೇ ಗದರಿದಳು. “ಇಲ್ಲ ಅಂತ ಬರದೀವಿ ಅಂದ್ರ ನಾಳೆ ಕೇಳಾಕ ಬರ್ತದಬೇ ಆಯಿ,” ಎಂದೆ. ಅವಳಿಗೆ ಅರ್ಧ ಸಮಾಧಾನವಾಯಿತು. ಇನ್ನರ್ಧ ನನ್ನ ಮೇಲೆ ಅನುಮಾನವಾಗಿಯೇ ಉಳಿಯಿತು.

ಹತ್ತನೆಯ ವರ್ಗಕ್ಕೆ ಮಾನ್ಯತೆ ಕೊಡಬಹುದು, ವರ್ಷದೊಳಗೆ ಪ್ರಯೋಗಶಾಲೆ-ಗ್ರಂಥಾಲಯ ಆಗಬೇಕು ಎಂದು ಶಿಫಾರಸು ಮಾಡಿ ಸಹಿ ಹಾಕಿದೆವು. ಕೊಡುವುದು ಬಿಡುವುದು ಮೇಲಿನವರ ಕೈಯಲ್ಲಿ. ಜೀಪು ಹೊರಡುವಾಗ ಕಾಶೀಬಾಯಿ ಕಿಟಕಿಯೊಳಗಿಂದ ಒಂದು ಡಬ್ಬಿಯನ್ನು ನನ್ನ ಮಡಿಲಿಗೆ ಹಾಕಿದಳು. ಶೇಂಗಾ ಚಟ್ನಿ. ತಪಾಸಣೆಗೆ ಬಂದವರು ಏನೂ ಒಯ್ಯಬಾರದು ಎಂದು ನಾನು ತಿರುಗಿ ಕೊಡಲು ಹೋದೆ. “ತಪಾಸಣಿ ಮುಗೀತಲ್ಲ, ಇನ್ನ ನೀವು ಮನಿ ಮಂದಿ,” ಎಂದಳು. ಸಾಹೇಬರು ಆ ಹೊತ್ತಿಗೆ ಸರಿಯಾಗಿ ಇನ್ನೊಂದು ಕಿಟಕಿಯ ಹೊರಗೆ ಏನನ್ನೋ ಬಹಳ ಲಕ್ಷ್ಯದಿಂದ ನೋಡುತ್ತಿದ್ದರು. ಹೋಟಗಿಯ ಹತ್ತಿರ ರೈಲ್ವೆ ಗೇಟು ಬಿದ್ದಿತ್ತು. ಗೂಡ್ಸು ಗಾಡಿ ಹಾಯ್ದು ಹೋಗುವಷ್ಟರಲ್ಲಿ ನಾವಿಬ್ಬರೂ ಗೇಟಿನ ಬಳಿಯ ಅಂಗಡಿಯ ಪಾವ್ ಬ್ರೆಡ್ಡಿನ ಜೊತೆ ಅರ್ಧ ಡಬ್ಬಿ ಮುಗಿಸಿದ್ದೆವು.

ಖಾಲಿ ಡಬ್ಬಿ ತೊಳೆದಿಟ್ಟೆ. ಆದರೆ ಹಾಗೆ ತಿರುಗಿ ಕೊಡುವಂತಿರಲಿಲ್ಲ. ಮತ್ತೊಬ್ಬರ ಮನೆಯ ಪಾತ್ರೆಯನ್ನು ನಮ್ಮ ಕಡೆ ಬರಿದಾಗಿ ಕಳಿಸುವುದಿಲ್ಲ. ಒಂದು ಚಿಟಿಕೆ ಸಕ್ಕರೆಯಾದರೂ ಇರಬೇಕು. ಮಾನ್ಯತೆಯ ಸುದ್ದಿ ಬರದೆ ನಾನು ಯಾವ ಮುಖ ಹೊತ್ತು ಸಕ್ಕರೆ ಒಯ್ಯಲಿ? ಡಬ್ಬಿ ಶೆಲ್ಫಿನ ಮೇಲೆ ಕೂತು ದಿನಾ ನನ್ನನ್ನು ನೋಡುತ್ತಿತ್ತು.

ಶಾಲೆಗಳು ಶುರುವಾಗುವ ಮುಂಚೆ ಬಿರಾದಾರ ಸರ್ ಫೋನು ಮಾಡಿದರು. “ಬಾಯಾರ, ಹೆಣ್ಣ ಒಪ್ಪಿದ್ರು,” ಎಂದರು. ನಾನು ಅದನ್ನೇ ಮತ್ತೆ ಮತ್ತೆ ಹೇಳಿಸಿಕೊಂಡೆ. ಒಲೆಯ ಮೇಲಿನ ಒಗ್ಗರಣೆ ಸೀದು ಕರಿಯಾಯಿತು, ಆ ದಿನ ಮನೆಯವರು ಅದನ್ನೇ ತಿಂದರು.

ಆಗಲೇ ಹೋಗಬೇಕಿತ್ತು. ಮೊಣಕಾಲು ನೋವು, ಮೊಮ್ಮಗನಿಗೆ ಹೆಸರಿಡುವ ಬಾರಸೆ, ಅದು ಇದು ಎಂದು ಮುಂದಕ್ಕೆ ಹೋಯಿತು. ಕೊನೆಗೆ ಆ ಶಾಲೆಯ ಮೊದಲ ಹತ್ತನೆಯ ವರ್ಗದ ಫಲಿತಾಂಶ ಬಂದಾಗ ಭಾಗ್ಯಶ್ರೀಯೇ ಫೋನು ಮಾಡಿ, “ಪಾಸಾದೆನ್ರಿ ಬಾಯಾರ, ನಾವೆಲ್ಲಾರೂ ಪಾಸಾದೇವಿ,” ಎಂದಳು. ಮರುದಿನವೇ ಡಬ್ಬಿಯ ತುಂಬ ಪೇಢೆ ತುಂಬಿಕೊಂಡು ಸೊಲ್ಲಾಪುರದಲ್ಲಿ ರೈಲು ಹತ್ತಿ ದುಧನಿಯಲ್ಲಿ ಇಳಿದೆ.

ಶಾಲೆಯಲ್ಲಿ ಈಗ ನಿಜವಾದ ಪ್ರಯೋಗಶಾಲೆ ಇತ್ತು. ಚಿಕ್ಕದೇ. ಗಾಜಿನ ನಳಿಕೆಗಳು, ಸ್ಪಿರಿಟ್ಟಿನ ದೀಪ. ಆಮ್ಲದ ಬಾಟಲಿಯನ್ನು ನಾನೂ ಮೂಸಿ ನೋಡಲು ಹೋದೆ. ಬಿರಾದಾರ ಸರ್ ಓಡಿ ಬಂದು ಕೈ ಹಿಡಿದರು. ಪುರಾಣಗಳ ಪಕ್ಕದಲ್ಲಿ ಕಥೆಯ ಪುಸ್ತಕಗಳು ಬಂದಿದ್ದವು. ಅವರ ಕೋಣೆಯಲ್ಲಿ ಬಾಸಿಂಗದ ಗಡಿಯಾರ ಇನ್ನೂ ಅಲ್ಲೇ ಇತ್ತು, ಸಮಯವನ್ನೂ ಸರಿಯಾಗಿಯೇ ತೋರಿಸುತ್ತಿತ್ತು.

ಭಾಗ್ಯಶ್ರೀ ನೀರು ತಂದಳು, ಅದೇ ಹಿತ್ತಾಳೆಯ ತಂಬಿಗೆ. ಈ ಸಲ ಪೂರ್ತಿ ಕುಡಿದು ಆಮೇಲೆ ತಿರುವಿದೆ. ‘ಕಾಶೀಬಾಯಿ’ ಎಂಬ ಹಳೆಯ ಅಕ್ಷರದ ಕೆಳಗೆ ಹೊಸ ಅಕ್ಷರಗಳು ಹೊಳೆಯುತ್ತಿದ್ದವು. ಶಾಲೆಯ ಹೆಸರು. ನಾನು ಎದ್ದು ಕೊಡಪಾನ ನೋಡಿದೆ, ತಾಟು ನೋಡಿದೆ, ಪರಾತ ನೋಡಿದೆ, ಸೇರು ನೋಡಿದೆ. ಮೇಲೆ ಆಯಾ ಮನೆಯ ಹೆಸರು, ಕೆಳಗೆ ಶಾಲೆಯ ಹೆಸರು. ಹಾಗೆಂದರೆ ಏನೆಂದು ಭಾಂಡೆ ಅಂಗಡಿಯವನ ಮಗಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನನ್ನ ಜನರ ಬಗ್ಗೆ ನನಗೆ ಯಾವಾಗಲೂ ಅಭಿಮಾನವಿದೆ, ಆದರೆ ಆ ದಿನ ಎದೆ ತುಂಬಿ ಬಂದು ಅಲ್ಲೇ ನೀರಿನ ಕಟ್ಟೆಯ ಮೇಲೆ ಕೂತುಬಿಟ್ಟೆ.

ಕಾಶೀಬಾಯಿ ಬಂದು ಪಕ್ಕದಲ್ಲಿ ಕೂತಳು. “ಮಾನ್ಯತಾ ಬಂದ ದಿನಾನ ದುಧನಿಯಿಂದ ಹೆಸರ ಹಾಕಾವನ್ನ ಕರಸಿದ್ವಿ. ಹೆಣ್ಣ ಒಪ್ಪಿದ ಮ್ಯಾಲ ಭಾಂಡೆ ಕೊಡಬೇಕಲ್ರಿ,” ಎಂದಳು.

ನಾನು ಪೇಢೆಯ ಡಬ್ಬಿ ಅವಳ ಕೈಗಿಟ್ಟೆ. ಅವಳು ಪೇಢೆಗಳನ್ನು ಮಕ್ಕಳಿಗೆ ಹಂಚಿಸಿ, ತಾನೊಂದು ಬಾಯಿಗೆ ಹಾಕಿಕೊಂಡು, ಖಾಲಿ ಡಬ್ಬಿಯನ್ನು ನನ್ನ ಹಾಗೆಯೇ ತಿರುವಿದಳು.

“ಇದೊಂದು ಉಳದದ ನೋಡ್ರಿ. ನಿಮ್ಮ ಕಡೆ ಇತ್ತು, ಸಾಲಿ ಹೆಸರ ಬಿದ್ದಿಲ್ಲ.”

“ಈಗ ಹಾಕಿಸಬೇ ಆಯಿ.”

“ಬ್ಯಾಡ, ಇದು ನಿಮ್ಮನ್ಯಾಗ ಇರ್ಲಿ. ಮತ್ತ ಯಾರರ ಸಾಲಿ ನೋಡಾಕ ಬಂದ್ರಂದ್ರ ಇಸಗೊಂಡು ಹೋಗಾಕ ಬರ್ತೀವಿ. ಆಗ ಇಲ್ಲ ಅನಬ್ಯಾಡ್ರಿ,” ಎಂದಳು. ಹೊರಡುವಾಗ ಡಬ್ಬಿಗೆ ಮತ್ತೆ ಶೇಂಗಾ ಚಟ್ನಿ ತುಂಬಿ ಕೊಟ್ಟಳು.

ಸೊಸೆ ಫ್ಯಾನು ಒರೆಸಿ ಮುಗಿಸಿ ಕೆಳಗಿಳಿದಿದ್ದಳು. “ಅತ್ತಿಯವ್ರ, ಡಬ್ಬಿ ಏನ್ ಮಾಡ್ಲಿ? ವಾಪಸ್ ಕೊಡೂದೇನು, ಮ್ಯಾಲ ಇಡ್ಲಿ?”

“ಮ್ಯಾಲ ಬ್ಯಾಡ,” ಎಂದೆ. ಅದನ್ನು ಸೆರಗಿನಿಂದ ಒರೆಸಿ ಶೆಲ್ಫಿನ ಮುಂದಿನ ಸಾಲಿನಲ್ಲಿ ಇಟ್ಟೆ. “ಮಂದಿ ಇಸಗೊಂಡು ಹೋಗಾಕ ಬರ್ತಾರವಾ. ಕೇಳಿದ ಕೂಡ್ಲೆ ಕೊಡಬೇಕು.”